ಮಳೆಯಿಲ್ಲದ ಊರಿನ ಕೆಸರುಹುಣ್ಣು

ಕೆಸರುಹುಣ್ಣು ಅಂದ್ರೆ ಗೊತ್ತಲ್ಲ? ಮಲೆನಾಡು, ಕರಾವಳಿ ಕಡೆಯವರಿಗೆ ನಾನು ವಿವರಿಸಬೇಕಾಗಿಲ್ಲ. ನೆಟ್ಟಿಯ ದಿನಗಳಲ್ಲಿ ಬೆಳಗಿಂದ ಸಂಜೆವರೆಗೆ ಗದ್ದೆಯಲ್ಲಿ ನಿಂತು ಕಾಲ್ಬೆರಳ ಸಂದಿಯೆಲ್ಲ ಬೆಳ್ಳಗೆ ಉಬ್ಬಿ, ಆಮೇಲೆ ಬಿರಿದು, ರಾತ್ರಿ ಕಂಬಳಿಯೊಳಗೆ ಕಾಲು ಬೆಚ್ಚಗಾಗ್ತಿದ್ದ ಹಾಗೇ ಶುರುವಾಗುವ ಆ ನವೆ! ಮದರಂಗಿ ಸೊಪ್ಪು ಅರೆದು ಸಂದಿ ಸಂದಿಗೆ ಮೆತ್ತಿಕೊಂಡು ಮಲಗುವುದು ಒಂದು ಮದ್ದು. ಗೇರೆಣ್ಣೆ ಹಚ್ಚಿ ಹಲ್ಲು ಕಚ್ಚಿ ಕೂರುವುದು ಇನ್ನೊಂದು. (ಎರಡನೆಯದನ್ನು ದಯವಿಟ್ಟು ಯಾರೂ ಮಾಡಬೇಡಿ, ಗೇರೆಣ್ಣೆ ಚರ್ಮವನ್ನೇ ಸುಡುತ್ತೆ.)

ಈಗ ನಾನಿರುವ ಕತಾರಿಗೆ ಬನ್ನಿ. ಇಲ್ಲಿ ಗದ್ದೆ ಇಲ್ಲ, ಕೆಸರಿಲ್ಲ. ಆಗುಂಬೆಯಲ್ಲಿ ಜುಲೈ ತಿಂಗಳ ಒಂದು ಜೋರು ದಿನಕ್ಕೆ ಸುರಿಯುವಷ್ಟು ಮಳೆ ಇಲ್ಲಿ ಸಾಮಾನ್ಯವಾಗಿ ಇಡೀ ವರ್ಷಕ್ಕೂ ಆಗಲ್ಲ. ಆದರೂ ಬರ್ವಾ ಅಲ್ ಬರಾಹಾದಲ್ಲಿ ಯಾವ ಕೋಣೆಯ ಬಾಗಿಲು ತಟ್ಟಿದರೂ ಈ ಹುಣ್ಣಿನವರು ಒಬ್ಬರಾದರೂ ಸಿಗ್ತಾರೆ. ಗೊತ್ತಿಲ್ಲದವರಿಗಾಗಿ ಹೇಳ್ತೀನಿ, ಬರ್ವಾ ಅಲ್ ಬರಾಹಾ ಅಂದ್ರೆ ದೋಹಾದ ಇಂಡಸ್ಟ್ರಿಯಲ್ ಏರಿಯಾದ ಕಡೆಗಿರುವ ದೊಡ್ಡ ಕಾರ್ಮಿಕ ವಸತಿ. ಸುಮಾರು 53,000 ಜನ ಇರಬಹುದಾದ ಜಾಗ. ನಮ್ಮ ಒಂದು ತಾಲ್ಲೂಕು ಕೇಂದ್ರದ ಜನವೆಲ್ಲ ಸಾಲು ಸಾಲು ಒಂದೇ ಥರದ ಕಟ್ಟಡಗಳಲ್ಲಿ ಇದ್ದ ಹಾಗೆ ಅಂದ್ಕೊಳ್ಳಿ; ಒಂದೇ ವ್ಯತ್ಯಾಸ, ಎಲ್ಲರೂ ಗಂಡಸರೇ. ಒಂದು ಸಂಜೆ ಅಲ್ಲಿ ಸುಮ್ಮನೆ ಮೆಟ್ಟಿಲ ಹತ್ತಿರ ನಿಂತು ನೋಡಿ. ಬಾಗಿಲ ಹೊರಗೆ ಬಾಯಿ ತೆರೆದು ಒಣಗುತ್ತಿರುವ ಸೇಫ್ಟಿ ಶೂಗಳದ್ದೇ ಸಾಲು.

ಗುಟ್ಟು ಇರುವುದು ಆ ಶೂಗಳಲ್ಲೇ. ಹೊರಗೆ ಮರುಭೂಮಿ, ಶೂ ಒಳಗೆ ಮಾತ್ರ ಆಗುಂಬೆಯ ಜುಲೈ! ಮುಂಭಾಗಕ್ಕೆ ಉಕ್ಕಿನ ಟೋಪಿ, ಕೆಳಗೆ ದಪ್ಪ ರಬ್ಬರು, ಸುತ್ತ ಗಾಳಿಯಾಡದ ಚರ್ಮ, ಒಳಗೆ ಹತ್ತು ಗಂಟೆಯ ಬೆವರು. ಫಂಗಸ್ಸಿಗೆ ಇನ್ನೇನು ಬೇಕು? ಈ ಕಾಯಿಲೆಯ ಮುಖ್ಯ ಆಸಾಮಿ ಟ್ರೈಕೋಫೈಟಾನ್ ರುಬ್ರಮ್ ಅನ್ನುವ ಫಂಗಸ್. ನಮ್ಮ ಚರ್ಮದ ಮೇಲುಪದರದಲ್ಲಿ, ಉಗುರಿನಲ್ಲಿ ಇರುವ ಕೆರಾಟಿನ್ನನ್ನೇ ತಿಂದು ಬದುಕುವ ಜೀವಿ. ಉದುರಿದ ಚರ್ಮದ ಹೊಟ್ಟಿನಲ್ಲಿ ತಿಂಗಳುಗಟ್ಟಲೆ ಕಾದು ಕೂತಿರಬಲ್ಲದು: ಬಚ್ಚಲ ನೆಲದಲ್ಲಿ, ಹಂಚಿಕೊಂಡ ಟವೆಲ್ಲಿನಲ್ಲಿ, ಶೂ ಒಳಗಿನ ಅಟ್ಟೆಯಲ್ಲಿ. ಇಂಗ್ಲಿಷಿನವರು ಇದಕ್ಕೆ ಅಥ್ಲೀಟ್ಸ್ ಫುಟ್ ಅಂತಾರೆ, ಆಟಗಾರನ ಪಾದ! ಕಾಂಕ್ರೀಟು ಹೊರುವವನಿಗೆ ಈ ಹೆಸರು ಕೇಳಿದರೆ ನಗು ಬರುತ್ತೆ. ಜಪಾನಿನವರು ಮಿಝುಮುಶಿ, ಅಂದರೆ ನೀರುಹುಳ ಅಂತಾರೆ. ನನಗೇನೋ ನಮ್ಮ ಕೆಸರುಹುಣ್ಣೇ ಸರಿ ಅನ್ನಿಸುತ್ತೆ. ಕಾರಣವನ್ನೂ ಸೇರಿಸಿಯೇ ಹೆಸರಿಟ್ಟಿದ್ದಾರೆ ಹಿರಿಯರು. (ಕೆಸರುಹುಣ್ಣಿನಲ್ಲಿ ಫಂಗಸ್ ಜೊತೆ ಬ್ಯಾಕ್ಟೀರಿಯಾ, ಬರೀ ನೀರಿನ ನೆನೆತ ಎಲ್ಲ ಕೂಡಿರುತ್ತೆ ಅನ್ನುವುದು ಬೇರೆ ಮಾತು.)

ಸರಿ, ಇದಕ್ಕೆ ಡಾಕ್ಟರ ಹತ್ತಿರ ಯಾರಾದ್ರೂ ಹೋಗ್ತಾರಾ? ಹೋಗಲ್ಲ. ಇದು ಬಡವನ ಲೆಕ್ಕದಲ್ಲಿ ಕಾಯಿಲೆಯೇ ಅಲ್ಲ. ಜ್ವರವಲ್ಲ, ಮುರಿದ ಕೈಯಲ್ಲ. ಕತಾರಿನ 2004ರ ಕಾರ್ಮಿಕ ಕಾನೂನಿನಲ್ಲಿ ಮೂರು ತಿಂಗಳು ಕೆಲಸ ಮಾಡಿದವನಿಗೆ ವರ್ಷಕ್ಕೆ ಎರಡು ವಾರ ಪೂರ್ತಿ ಸಂಬಳದ ಕಾಯಿಲೆ ರಜೆ ಇದೆ, ನಿಜ. ಆದರೆ ಅದಕ್ಕೆ ಡಾಕ್ಟರ ಸರ್ಟಿಫಿಕೇಟು ಬೇಕು. ಕಾಲ್ಬೆರಳು ನವೆ ಅಂತ ಫೋರ್‌ಮನ್ ಮುಂದೆ ನಿಂತು ರಜೆ ಕೇಳುವ ಧೈರ್ಯ ಯಾರಿಗಿದೆ ಹೇಳಿ? ಒಂಟಿ ಕಾರ್ಮಿಕರಿಗಾಗಿಯೇ ಕತಾರ್ ರೆಡ್ ಕ್ರೆಸೆಂಟ್ ನಡೆಸುವ ಆರೋಗ್ಯ ಕೇಂದ್ರಗಳು ಮೆಸೈಮೀರ್, ಹುಮೈಲಾ ಕಡೆಗಳಲ್ಲಿವೆ. ಇಂಡಸ್ಟ್ರಿಯಲ್ ಏರಿಯಾದಲ್ಲೇ 2018ರಲ್ಲಿ ಹಜ್ಮ್ ಮೆಬೈರೀಕ್ ಆಸ್ಪತ್ರೆ ಶುರುವಾಯಿತು. ಹತ್ತಿರದಲ್ಲೇ ಎಲ್ಲ ಇದೆ. ಇಲ್ಲದಿರುವುದು ಬಿಡುವು. ಬೆಳಗಿನ ಜಾವ ಬಸ್ಸು, ಸಂಜೆ ಬಸ್ಸು, ಸ್ನಾನಕ್ಕೆ ಸರದಿ, ಅಡಿಗೆ, ಊರಿಗೊಂದು ಫೋನು, ನಿದ್ದೆ. ಉಳಿದಿದ್ದು ಶುಕ್ರವಾರ ಒಂದು.

ಹಾಗಾಗಿ ಫೋನಿನಲ್ಲೇ ಡಾಕ್ಟರು ಸಿಗುವುದು ಇಂಥ ಜಾಗಕ್ಕೆ ಹೇಳಿ ಮಾಡಿಸಿದ ಹಾಗಿದೆ. ಇಲ್ಲಿ ಅದು ಜೋರಾಗಿ ಶುರುವಾದದ್ದು ಕೊರೋನಾ ಕಾಲದಲ್ಲಿ. 2020ರ ಮಾರ್ಚ್ 17ರಂದು ಇಂಡಸ್ಟ್ರಿಯಲ್ ಏರಿಯಾದ ಒಂದು ದೊಡ್ಡ ಭಾಗವನ್ನೇ ಮುಚ್ಚಿದರು. ಹಮದ್ ಮೆಡಿಕಲ್ ಕಾರ್ಪೊರೇಷನ್ ಆಗ 16000 ನಂಬರಿನಲ್ಲಿ ಫೋನ್ ಸಲಹೆ ಶುರುಮಾಡಿತು, ಔಷಧವನ್ನು ಅಂಚೆಯಲ್ಲಿ ಮನೆಗೇ ಕಳಿಸುವ ವ್ಯವಸ್ಥೆಯೂ ಬಂತು. ಅದೇ ತಿಂಗಳ 25ಕ್ಕೆ ಭಾರತದಲ್ಲಿ ಟೆಲಿಮೆಡಿಸಿನ್ ನಿಯಮಾವಳಿ ಹೊರಬಿತ್ತು, ಏಪ್ರಿಲ್ಲಿನಲ್ಲಿ ಇ-ಸಂಜೀವಿನಿಯ ಹೊರರೋಗಿ ಸೇವೆ ಜನರಿಗೆ ತೆರೆಯಿತು. ಅಲ್ಲಿಯವರೆಗೆ ಡಾಕ್ಟರು ಫೋನಿನಲ್ಲಿ ಔಷಧ ಹೇಳಬಹುದೋ ಬಾರದೋ ಅನ್ನುವುದೇ ನಮ್ಮ ದೇಶದಲ್ಲಿ ಅನುಮಾನದ ವಿಷಯವಾಗಿತ್ತು.

ಆ ಭಾರತದ ನಿಯಮಾವಳಿಯಲ್ಲಿ ನನಗೆ ಬಹಳ ಹಿಡಿಸಿದ ಒಂದು ವಿವರ ಇದೆ. ಔಷಧಗಳನ್ನು ಪಟ್ಟಿ ಮಾಡಿ, ಯಾವುದನ್ನು ಹೇಗೆ ಮಾತಾಡಿದ ಮೇಲೆ ಬರೆಯಬಹುದು ಅಂತ ಹೇಳಿದ್ದಾರೆ. ಪ್ಯಾರಾಸಿಟಮಾಲ್ ಥರದ್ದನ್ನು ಬರೀ ಮಾತಿನಲ್ಲೂ ಹೇಳಬಹುದು. ಆದರೆ ಚರ್ಮಕ್ಕೆ ಹಚ್ಚುವ ಮುಲಾಮು, ಅದರಲ್ಲೂ ಕೆಸರುಹುಣ್ಣಿಗೆ ಕೊಡುವ ಅದೇ ಕ್ಲೋಟ್ರಿಮಝೋಲ್ ಹೆಸರು ಹಿಡಿದು, ಮೊದಲ ಸಲವಾದರೆ ವಿಡಿಯೋದಲ್ಲಿ ನೋಡಿಯೇ ಬರೆಯಬೇಕು ಅಂತಿದೆ. ಅಂದ್ರೆ ಕಣ್ಣಿನಿಂದ ನೋಡದೆ ಚರ್ಮದ ಮದ್ದು ಇಲ್ಲ. ಯಾಕೆ ಅಂತೀರಾ?

ಒಂದು ಕಾರಣ ನಮ್ಮ ಭಾಷೆ! ಚರ್ಮದಲ್ಲಿ ಏನಾದರೂ ಕನ್ನಡಿಗನ ಬಾಯಲ್ಲಿ ಬರುವುದು ಒಂದೇ ಶಬ್ದ: ಕಜ್ಜಿ. ಹುಳದಿಂದ ಬರುವ ಸ್ಕೇಬೀಸ್ ಕಜ್ಜಿ, ಎಕ್ಸಿಮಾ ಕಜ್ಜಿ, ಸಿಮೆಂಟಿನ ಅಲರ್ಜಿ ಕಜ್ಜಿ, ಫಂಗಸ್ಸೂ ಕಜ್ಜಿ. ಸ್ವಲ್ಪ ಬಲ್ಲವರು ಗಜಕರ್ಣ, ಹುಳುಕಡ್ಡಿ, ಚಿಬ್ಬು ಅಂತೆಲ್ಲ ಬೇರೆ ಮಾಡಿ ಹೇಳ್ತಾರೆ, ಅದೂ ಊರಿಂದ ಊರಿಗೆ ಬೇರೆ. ಗಲ್ಫಿನಲ್ಲಿ ಫೋನಿನ ಆ ತುದಿಯಲ್ಲಿರುವ ಡಾಕ್ಟರು ಮಲಯಾಳಿಯೋ ಅರಬಿಯೋ ಫಿಲಿಪೀನಿಯೋ ಆಗಿದ್ದರೆ, ಹುಡುಗ ತನಗೆ ಬರುವ ಹಿಂದಿಯಲ್ಲಿ ಖುಜಲೀ ಖುಜಲೀ ಅಂತ ಎರಡು ಸಲ ಹೇಳಿ ಸುಮ್ಮನಾಗ್ತಾನೆ. ಖುಜಲಿ ಅಂದ್ರೆ ಬರೀ ತುರಿಕೆ. ಪಾದ ತುರಿಸುವುದಕ್ಕೆ ಹತ್ತು ಕಾರಣ ಇರುತ್ತೆ ಸ್ವಾಮೀ.

ಆದರೆ ನೋಡಿದರೆ ಬಹಳಷ್ಟು ತಿಳಿಯುತ್ತೆ. ಕಿರುಬೆರಳು ಮತ್ತು ಅದರ ಪಕ್ಕದ ಬೆರಳಿನ ಸಂದಿಯಲ್ಲಿ ಬೆಳ್ಳಗೆ ನೆನೆದು ಬಿರಿದಿದ್ದರೆ ಹೆಚ್ಚಾಗಿ ಫಂಗಸ್ಸೇ. ಅಂಗಾಲು ಪೂರ್ತಿ ಒಣಗಿ ಹಿಟ್ಟು ಹಿಟ್ಟಾಗಿ ಉದುರುತ್ತಿದ್ದರೆ ಅದೂ ಫಂಗಸ್ ಇರಬಹುದು, ಜನ ಅದನ್ನು ಬಿರುಕು ಅಂದ್ಕೊಂಡು ವ್ಯಾಸಲೀನ್ ಹಚ್ತಾ ವರ್ಷ ಕಳೀತಾರೆ. ಪಾದದ ಮೇಲ್ಭಾಗದಲ್ಲಿ, ಶೂ ಪಟ್ಟಿ ತಾಗುವ ಕಡೆಯೇ, ಎರಡೂ ಕಾಲಿಗೆ ಒಂದೇ ಅಚ್ಚಿನಲ್ಲಿ ಕೆಂಪಗಾಗಿದ್ದರೆ ಶೂ ಚರ್ಮದ ಅಥವಾ ರಬ್ಬರಿನ ಅಲರ್ಜಿ ನೆನಪಾಗಬೇಕು. ಕಟ್ಟಡ ಕೆಲಸದವರಿಗೆ ಹಸಿ ಸಿಮೆಂಟಿನ ಕ್ರೋಮೇಟ್ ಇನ್ನೊಂದು ಶತ್ರು. ಅಂಗಾಲಿನಲ್ಲಿ ಸೂಜಿ ಚುಚ್ಚಿದ ಹಾಗೆ ಪುಟ್ಟ ಪುಟ್ಟ ಗುಳಿ, ಜೊತೆಗೆ ಕೋಣೆಯವರೆಲ್ಲ ಓಡಿ ಹೋಗುವ ವಾಸನೆ ಇದ್ದರೆ ಅದು ಬ್ಯಾಕ್ಟೀರಿಯಾ ಕೆಲಸ, ಅದಕ್ಕೆ ಫಂಗಸ್ ಮುಲಾಮು ಸರಿಯಾದ ಮದ್ದಲ್ಲ.

ಹಾಗಾಗಿ ಫೋಟೋ ತೆಗೆಯುವುದೇ ಅರ್ಧ ಚಿಕಿತ್ಸೆ. ಹಗಲು ಬೆಳಕಿನಲ್ಲಿ, ಫ್ಲಾಶ್ ಇಲ್ಲದೆ, ಬೆರಳನ್ನು ಅಗಲಿಸಿ ಹಿಡಿದು ಸಂದಿಯದ್ದೊಂದು, ಅಂಗಾಲಿನದ್ದೊಂದು, ಪಾದದ ಮೇಲಿನದ್ದೊಂದು, ಉಗುರಿನದ್ದೊಂದು. ಅಂಗೈಯನ್ನೂ ತೋರಿಸಿ, ಎರಡೂ ಕಾಲಿಗೆ, ಒಂದೇ ಕೈಗೆ ಈ ಫಂಗಸ್ ಬರುವ ವಿಚಿತ್ರ ಅಭ್ಯಾಸ ಇದೆ, ಡಾಕ್ಟರು ನೋಡಿದ ಕೂಡಲೇ ಗುರುತು ಹಿಡೀತಾರೆ. ತೊಡೆಸಂದಿಯಲ್ಲೂ ಇದ್ದರೆ ನಾಚಿಕೆ ಬಿಟ್ಟು ಬಾಯಿಮಾತಿನಲ್ಲಾದರೂ ಹೇಳಿ. ಫೋಟೋ ತೆಗೆಯುವ ಮೊದಲು ಮುಲಾಮು ಒರೆಸಿ, ಪೌಡರು ತೊಳೆದು ಒಣಗಿಸಿರಿ.

ಇದೆಲ್ಲಕ್ಕಿಂತ ಮುಖ್ಯವಾದ ಫೋಟೋ ಒಂದಿದೆ, ಈ ವಾರ ನಾನು ಬರೆಯೋಕೆ ಕೂತದ್ದೇ ಅದನ್ನು ಹೇಳೋಕೆ. ನಿಮ್ಮ ದಿಂಬಿನ ಕೆಳಗಿರುವ ಟ್ಯೂಬಿನ ಫೋಟೋ.

ನಮ್ಮ ಕಡೆಯ ಒಬ್ಬರು, ಸ್ಕಾಫೋಲ್ಡಿಂಗ್ ಕೆಲಸದವರು, ಹೋದ ವರ್ಷ ಫೋನಿನಲ್ಲಿ ಡಾಕ್ಟರ ಜೊತೆ ಮಾತಾಡುವಾಗ ದುಭಾಷಿಯಾಗಿ ಪಕ್ಕದಲ್ಲಿ ನಾನಿದ್ದೆ. ಕಾಲು ನೋಡಿದರೆ ಏನೂ ದೊಡ್ಡದಾಗಿ ಕಾಣ್ತಿರಲಿಲ್ಲ. ಸ್ವಲ್ಪ ಕಂದು, ಸ್ವಲ್ಪ ಹೊಟ್ಟು, ಅಂಚೇ ಇಲ್ಲದ ಮಚ್ಚೆ. ಇದಕ್ಕೆ ಮೊದಲೇ ಬೇರೊಬ್ಬ ಡಾಕ್ಟರು ಫೋಟೋ ನೋಡಿ ಎಕ್ಸಿಮಾ ಇರಬಹುದು ಅಂದಿದ್ದರಂತೆ. ಈ ಡಾಕ್ಟರಮ್ಮ ಫೋಟೋ ನೋಡಿ ಒಂದು ಕ್ಷಣ ಸುಮ್ಮನಿದ್ದು, ಏನು ಹಚ್ಚುತ್ತಿದ್ದೀರಿ ಅಂತ ಕೇಳಿದರು. ಏನೂ ಇಲ್ಲ, ಅಂದರು ಇವರು. ಸುಳ್ಳೇನಲ್ಲ, ಅವರ ಲೆಕ್ಕದಲ್ಲಿ ಊರಿಂದ ತಂದ ಮುಲಾಮು ಔಷಧವೇ ಅಲ್ಲ, ಅಮೃತಾಂಜನದ ಥರ ಮನೆ ಸಾಮಾನು! ಎರಡನೇ ಸಲ ಕೇಳಿದ ಮೇಲೆ ಪೆಟ್ಟಿಗೆಯಿಂದ ಹೊರಗೆ ಬಂತು. ರಜೆಗೆ ಹೋದವರ ಕೈಲಿ ತರಿಸಿದ್ದು, ಒಟ್ಟಿಗೆ ಆರು ಟ್ಯೂಬು. ಕೋಣೆಯವರೆಲ್ಲ ಹಚ್ಚುತ್ತಿದ್ದದ್ದು ಅದೇ. ಹಿಂದೆ ಇರುವೆ ಸಾಲಿನಂಥ ಅಕ್ಷರದಲ್ಲಿ ಒಂದು ಫಂಗಸ್ ಔಷಧ, ಒಂದು ಆ್ಯಂಟಿಬಯೋಟಿಕ್, ಮತ್ತೆ ಕ್ಲೋಬೆಟಸಾಲ್.

ಕ್ಲೋಬೆಟಸಾಲ್ ಅಂದ್ರೆ ಚರ್ಮಕ್ಕೆ ಹಚ್ಚುವ ಸ್ಟೀರಾಯ್ಡುಗಳಲ್ಲೇ ಅತಿ ಜೋರಿನದು. ಹಚ್ಚಿದ ಮರುದಿನವೇ ನವೆ ಮಾಯ, ಕೆಂಪು ಮಾಯ. ಆಹಾ ಎಂಥಾ ಮದ್ದು ಅನ್ನಿಸುತ್ತೆ. ಆದರೆ ಅದು ಫಂಗಸ್ಸನ್ನು ಕೊಂದಿರಲ್ಲ, ಫಂಗಸ್ ಬಂದಿದೆ ಅಂತ ನಮ್ಮ ಮೈ ಕೂಗಿ ಹೇಳುವ ಬಾಯನ್ನು ಮುಚ್ಚಿರುತ್ತೆ ಅಷ್ಟೇ. ಕಾವಲು ನಾಯಿ ಬೊಗಳುತ್ತೆ ಅಂತ ನಾಯಿಗೇ ನಿದ್ದೆ ಮಾತ್ರೆ ಹಾಕಿದ ಹಾಗೆ. ಹೀಗೆ ವೇಷ ಮರೆಸಿಕೊಂಡ ಫಂಗಸ್ಸಿಗೆ 1968ರಲ್ಲೇ ಇಂಗ್ಲೆಂಡಿನ ಐವ್ ಮತ್ತು ಮಾರ್ಕ್ಸ್ ಅನ್ನುವ ಇಬ್ಬರು ವೈದ್ಯರು ಟೀನಿಯಾ ಇನ್‌ಕಾಗ್ನಿಟೊ ಅಂತ ಹೆಸರಿಟ್ಟರು. ಅಜ್ಞಾತವಾಸದ ಫಂಗಸ್ ಅನ್ನಿ. ಬರೀ ಫೋಟೋ ನೋಡಿ ಔಷಧ ಹೇಳುವ ಡಾಕ್ಟರಿಗೆ ಇದಕ್ಕಿಂತ ದೊಡ್ಡ ಬಲೆ ಇಲ್ಲ. ಅವರು ನೋಡುತ್ತಿರುವುದು ಕಾಯಿಲೆಯ ಮುಖವನ್ನಲ್ಲ, ಮುಖವಾಡವನ್ನು.

ಭಾರತದಲ್ಲಿ ಈ ಮಿಶ್ರಣದ ಮುಲಾಮುಗಳ ಕಥೆ ದೊಡ್ಡದು. ಚರ್ಮವೈದ್ಯರ ಸಂಘ ವರ್ಷಗಟ್ಟಲೆ ಕೂಗಿ ಕೂಗಿ, 2018ರಲ್ಲಿ ಸರ್ಕಾರ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಪಟ್ಟಿಗೆ ಸೇರಿತು ಅಂದ ಮಾತ್ರಕ್ಕೆ ಮೆಡಿಕಲ್ ಶಾಪಿನವರು ಚೀಟಿ ಕೇಳ್ತಾರೆ ಅಂತಲ್ಲ, ನಿಮಗೆ ಗೊತ್ತಿರುವುದೇ. ಅತ್ತ ಫಂಗಸ್ಸೂ ಸುಮ್ಮನಿರಲಿಲ್ಲ. 2020ರಲ್ಲಿ ಜಪಾನಿನ ಸಂಶೋಧಕರು ಒಂದು ಬೇರೆಯೇ ಜಾತಿಗೆ ಟ್ರೈಕೋಫೈಟಾನ್ ಇಂಡೋಟಿನಿಯೇ ಅಂತ ಹೆಸರಿಟ್ಟರು. ಹೆಸರಿನಲ್ಲೇ ಇಂಡಿಯಾ ಇದೆ ನೋಡಿ, ಹೆಮ್ಮೆ ಪಡುವ ವಿಷಯವೇನಲ್ಲ! ಟೆರ್ಬಿನಾಫಿನ್ ಅನ್ನುವ ಒಳ್ಳೆಯ ಔಷಧಕ್ಕೆ ಇದು ಎಷ್ಟೋ ಸಲ ಬಗ್ಗುವುದಿಲ್ಲ. 2023ರಲ್ಲಿ ನ್ಯೂಯಾರ್ಕಿನಲ್ಲೂ ಸಿಕ್ಕಿತು. ಇದು ಪಾದಕ್ಕಿಂತ ತೊಡೆಸಂದಿ, ಸೊಂಟ, ಹೊಟ್ಟೆಯ ಮೇಲೆ ಹೆಚ್ಚು. ಸ್ಟೀರಾಯ್ಡ್ ಮಿಶ್ರಣದ ಮುಲಾಮುಗಳ ಬಳಕೆ ಇದರ ಹರಡುವಿಕೆಗೆ ಗೊಬ್ಬರ ಹಾಕಿದೆ ಅಂತ ತಜ್ಞರು ಶಂಕಿಸುತ್ತಾರೆ. ಅಲ್ಲಿನ ತೆಳು ಚರ್ಮಕ್ಕೆ ಕ್ಲೋಬೆಟಸಾಲ್ ತಿಂಗಳುಗಟ್ಟಲೆ ಬಿದ್ದರೆ ಬಸಿರಿನ ಗೆರೆಯಂಥ ಗೆರೆಗಳು ಮೂಡ್ತವೆ, ಆಮೇಲೆ ಪೂರ್ತಿ ಹೋಗಲ್ಲ.

ಆ ಡಾಕ್ಟರಮ್ಮ ಮಾಡಿದ್ದು ಎರಡೇ ಕೆಲಸ. ಟ್ಯೂಬು ನಿಲ್ಲಿಸಿ ಅಂದರು. ನಿಲ್ಲಿಸಿದ ಮೇಲೆ ಕೆಲವು ದಿನ ನವೆ ಹೆಚ್ಚಾಗುತ್ತೆ, ಹೆದರಿ ಮತ್ತೆ ಅದನ್ನೇ ಹಚ್ಚಬೇಡಿ ಅಂತಲೂ ಮೊದಲೇ ಹೇಳಿದರು. ಮತ್ತೆ ಶುಕ್ರವಾರ ಒಂದು ಕ್ಲಿನಿಕ್ಕಿಗೆ ಹೋಗಿ ಚರ್ಮದ ಹೊಟ್ಟು ಕೆರೆಸಿ ಪರೀಕ್ಷೆ ಮಾಡಿಸೋಕೆ ಹೇಳಿದರು. ಕೆರೆದ ಹೊಟ್ಟಿನ ಮೇಲೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಹಾಕಿದರೆ ಚರ್ಮ ಕರಗಿ ಫಂಗಸ್ಸಿನ ಎಳೆಗಳು ಸೂಕ್ಷ್ಮದರ್ಶಕದಲ್ಲಿ ದಾರದ ಹಾಗೆ ಕಾಣ್ತವೆ. ಇದೊಂದನ್ನು ಮಾತ್ರ ಯಾವ ಫೋನೂ ಮಾಡಲಾರದು. ಎಳೆಗಳು ಕಂಡವು. ಬರೀ ಕ್ಲೋಟ್ರಿಮಝೋಲ್ ಕೊಟ್ಟರು, ದಿನಕ್ಕೆ ಎರಡು ಸಲ, ನಾಲ್ಕು ವಾರ.

ನಾಲ್ಕು ವಾರ! ಇಲ್ಲೇ ಎಲ್ಲರೂ ಎಡವೋದು. ಹತ್ತನೇ ದಿನಕ್ಕೆ ನವೆ ನಿಲ್ಲುತ್ತೆ, ಹನ್ನೊಂದನೇ ದಿನಕ್ಕೆ ಟ್ಯೂಬು ಕಿಟಕಿ ಮೇಲೆ. ಕಣ್ಣಿಗೆ ವಾಸಿಯಾಗಿ ಕಂಡ ಮೇಲೂ ಒಂದೆರಡು ವಾರ ಹಚ್ಚಲೇಬೇಕು. ಅಷ್ಟು ಶಿಸ್ತು ಇಲ್ಲದವರಿಗೆ ಟೆರ್ಬಿನಾಫಿನ್ ಕ್ರೀಮು ವಾಸಿ. ಬೆರಳು ಸಂದಿಯ ಹುಣ್ಣಿಗೆ ಹೆಚ್ಚಾಗಿ ಒಂದೆರಡು ವಾರ ಸಾಕಾಗುತ್ತೆ. ಯಾವುದು ಬೇಕು ಅಂತ ಡಾಕ್ಟರನ್ನೇ ಕೇಳಿ, ಫೋನಿನಲ್ಲಿ ಈ ಪ್ರಶ್ನೆ ಕೇಳೋಕೆ ಒಂದು ನಿಮಿಷವೂ ಬೇಡ. ಮಾತ್ರೆ ಬೇಕು ಅಂತ ಹಟ ಮಾಡಬೇಡಿ. ಉಗುರಿಗೆ ಹಬ್ಬಿದ್ದರೆ, ಮೈಗೆಲ್ಲ ಹರಡಿದ್ದರೆ ಅವರೇ ಕೊಡ್ತಾರೆ.

ಇನ್ನು ಶೂ ವಿಚಾರ. ಫೋನಿನಲ್ಲಿ ಎಲ್ಲ ಡಾಕ್ಟರೂ ಕೊನೆಗೆ ಹೇಳುವ ಸಾಲು, ಕಾಲಿಗೆ ಗಾಳಿ ಆಡಲಿ, ತೆರೆದ ಚಪ್ಪಲಿ ಹಾಕಿ. ಸೈಟಿನಲ್ಲಿ ಚಪ್ಪಲಿ ಹಾಕಿದರೆ ಗೇಟಿನಿಂದಲೇ ವಾಪಸ್ ಕಳಿಸ್ತಾರೆ ಮೇಡಂ, ಅಂತ ನಾನೇ ನಡುವೆ ಬಾಯಿ ಹಾಕಿದೆ. ಆಗ ಅವರು ಕೊಟ್ಟ ಪರ್ಯಾಯ ನಿಜವಾಗಿ ಉಪಯೋಗಕ್ಕೆ ಬರುವಂಥದ್ದು. ಎರಡು ಜೊತೆ ಶೂ, ದಿನ ಬಿಟ್ಟು ದಿನ. ಒಂದು ಜೊತೆ ಪೂರ್ತಿ ಒಣಗೋಕೆ ಒಂದು ದಿನವಾದರೂ ಬೇಕು, ಒಳಗಿನ ಅಟ್ಟೆ ತೆಗೆದಿಟ್ಟು ಬಿಸಿಲಿಗೆ. ಬಿಸಿಲಿಗೇನು ಬರವೇ ಈ ದೇಶದಲ್ಲಿ! ಕಂಪೆನಿಯಿಂದ ಎರಡನೇ ಜೊತೆ ಕೇಳಬೇಕಾದರೆ ಡಾಕ್ಟರ ಚೀಟಿಯಲ್ಲಿ ಅದನ್ನೂ ಒಂದು ಸಾಲು ಬರೆಸಿಕೊಳ್ಳಿ, ಬಾಯಿಮಾತಿಗಿಂತ ಕಾಗದಕ್ಕೆ ಬೆಲೆ ಜಾಸ್ತಿ. ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಗ್ಗೆ ಹತ್ತರಿಂದ ಮೂರೂವರೆವರೆಗೆ ಬಯಲಿನಲ್ಲಿ ಕೆಲಸ ಮಾಡಿಸಬಾರದು ಅಂತ 2021ರ ನಿಯಮ ಇದೆಯಲ್ಲ, ಆ ಬಿಡುವಿನಲ್ಲಿ ಶೂ ಬಿಚ್ಚಿ ಕೂರಿ, ಸಾಕ್ಸ್ ಬದಲಿಸಿ. ನಮಾಜಿಗೆ ಮುಂಚೆ ಕಾಲು ತೊಳೆಯುವ ನಮ್ಮ ಬ್ಯಾರಿ ಗೆಳೆಯರಿಗೂ ಇದೇ ಮಾತು. ತೊಳೆಯುವುದು ಒಳ್ಳೆಯದೇ, ಒದ್ದೆ ಕಾಲನ್ನು ಮತ್ತೆ ಸಾಕ್ಸಿನೊಳಗೆ ತೂರಿಸುವುದು ತೊಂದರೆ. ಜೇಬಿನಲ್ಲಿ ಒಂದು ಸಣ್ಣ ಬಟ್ಟೆ ಇಟ್ಟುಕೊಂಡು ಬೆರಳ ಸಂದಿ ಒರೆಸಿದರೆ ಆಯ್ತು. ಮತ್ತೊಂದು ತಮಾಷೆಯ ಸಲಹೆ, ಆದರೆ ನಿಜ: ಬೆಳಗ್ಗೆ ಮೊದಲು ಸಾಕ್ಸ್ ಹಾಕಿ, ಆಮೇಲೆ ಚಡ್ಡಿ. ಹುಣ್ಣಿನ ಕಾಲು ಚಡ್ಡಿಯೊಳಗೆ ತೂರಿ ಹೋಗುವಾಗಲೇ ಫಂಗಸ್ ಮೇಲಿನ ಮಹಡಿಗೆ ಬಾಡಿಗೆಗೆ ಬರೋದು :-)

ಕೋಣೆಯ ಉಳಿದವರೂ ಒಟ್ಟಿಗೆ ಚಿಕಿತ್ಸೆ ತಗೊಳ್ಳದಿದ್ದರೆ ಒಬ್ಬನಿಗೆ ವಾಸಿಯಾಗಿ ಉಪಯೋಗವಿಲ್ಲ. ಇಂಡಿಯನ್ ಕಮ್ಯುನಿಟಿ ಬೆನೆವೊಲೆಂಟ್ ಫೋರಂನವರು ಕಾರ್ಮಿಕರಿಗೆ ವೈದ್ಯಕೀಯ ಶಿಬಿರ ಮಾಡ್ತಾರಲ್ಲ, ಅಂಥ ಕಡೆ ಇಡೀ ಕೋಣೆಯೇ ಹೋಗಿ ಕಾಲು ತೋರಿಸಿಕೊಂಡು ಬನ್ನಿ. ಬಚ್ಚಲಿಗೆ ರಬ್ಬರ್ ಚಪ್ಪಲಿ, ಟವೆಲ್ ಒಬ್ಬೊಬ್ಬರಿಗೆ ಒಂದು. ಅಷ್ಟೇ.

ಊರಿನ ಡಾಕ್ಟರಿಗೇ ವಾಟ್ಸಾಪ್ ಮಾಡಿದರೆ ಆಗಲ್ವಾ, ಕನ್ನಡದಲ್ಲೇ ಮಾತಾಡಬಹುದಲ್ಲ ಅಂತ ಬಹಳ ಜನ ಕೇಳ್ತಾರೆ. ಆಸೆ ನ್ಯಾಯವಾದದ್ದೇ. ಆದರೆ ಆ 2020ರ ಭಾರತದ ನಿಯಮಾವಳಿ ದೇಶದ ಹೊರಗಿನ ಸಲಹೆಗೆ ಅನ್ವಯಿಸುವುದಿಲ್ಲ ಅಂತ ಅದರಲ್ಲೇ ಬರೆದಿದೆ, ಅವರು ಬರೆದ ಚೀಟಿ ಇಲ್ಲಿನ ಫಾರ್ಮಸಿಯಲ್ಲಿ ನಡೆಯುತ್ತೆ ಅಂತ ನಂಬಿ ಕೂರಬೇಡಿ. ಪರಿಚಯದ ಡಾಕ್ಟರಿದ್ದರೆ ಕನ್ನಡದಲ್ಲಿ ಮನಬಿಚ್ಚಿ ಹೇಳಿಕೊಂಡು, ಅವರ ಅಭಿಪ್ರಾಯವನ್ನು ಇಂಗ್ಲಿಷಿನಲ್ಲಿ ಎರಡು ಸಾಲು ಬರೆಸಿಕೊಂಡು, ಅದನ್ನು ಇಲ್ಲಿನ ಡಾಕ್ಟರಿಗೆ ತೋರಿಸಿ. ದುಭಾಷಿಯ ಕೆಲಸ ಮುಗಿಯಿತು.

ಫೋನನ್ನು ಪಕ್ಕಕ್ಕಿಟ್ಟು ಆ ದಿನವೇ ಆಸ್ಪತ್ರೆಗೆ ಹೋಗಬೇಕಾದ ಕಾಲುಗಳೂ ಇವೆ. ಸಕ್ಕರೆ ಕಾಯಿಲೆ ಇರುವವರು, ಸಂದಿಯಲ್ಲಿ ಸಣ್ಣ ಬಿರುಕಾದರೂ ಸರಿ. ಆ ಬಿರುಕೇ ಬ್ಯಾಕ್ಟೀರಿಯಾಕ್ಕೆ ತೆರೆದ ಬಾಗಿಲು. ಪಾದ ಊದಿಕೊಂಡು ಕೆಂಪು ಮೇಲಕ್ಕೆ ಹತ್ತುತ್ತಿದ್ದರೆ, ಕೀವು ಬಂದರೆ, ಚಳಿ ಜ್ವರ ಬಂದರೆ, ತೊಡೆಯ ಬುಡದಲ್ಲಿ ಗಂಟು ಕಟ್ಟಿ ನೋಯುತ್ತಿದ್ದರೆ ಯಾರೂ ಶುಕ್ರವಾರಕ್ಕೆ ಕಾಯಬಾರದು. ಚರ್ಮದ ಮಚ್ಚೆ ಮುಟ್ಟಿದರೆ ತಿಳಿಯುತ್ತಿಲ್ಲ, ಜೋಮು ಹಿಡಿದಂತಿದೆ ಅಂದ್ರೆ ಅದು ಬೇರೆಯೇ ಕಾಯಿಲೆ ಇರಬಹುದು, ಎದುರಿಗೇ ತೋರಿಸಿ.

ಮುಲಾಮಿನ ಹಿಂದೆ ಹುಡುಕಬೇಕಾದ ಹೆಸರುಗಳನ್ನು ಬರೆದು ಗೋಡೆಗೆ ಅಂಟಿಸೋಕೆ ಒಬ್ಬರು ಕೇಳಿದ್ದರು, ಇಲ್ಲೇ ಕೊಡ್ತಿದ್ದೀನಿ: ಕ್ಲೋಬೆಟಸಾಲ್, ಬೆಕ್ಲೊಮೆಥಸೋನ್, ಬೀಟಾಮೆಥಸೋನ್, ಮೊಮೆಟಸೋನ್, ಫ್ಲೂಸಿನೋಲೋನ್. ಇವುಗಳಲ್ಲಿ ಒಂದು ಕಂಡರೂ ಟ್ಯೂಬಿನ ಫೋಟೋ ಡಾಕ್ಟರಿಗೆ ಮೊದಲು ಹೋಗಲಿ, ಕಾಲಿನದ್ದು ಆಮೇಲೆ. ಮುಂದಿನ ವಾರ, ಇದೇ ಓದುಗರು ಕೇಳಿದ ಇನ್ನೊಂದು ಪ್ರಶ್ನೆ: ಊರಿಂದ ತರುವ ಮಾತ್ರೆಗಳಲ್ಲಿ ಯಾವುದನ್ನು ದೋಹಾ ಏರ್‌ಪೋರ್ಟಿನಲ್ಲಿ ಹಿಡೀತಾರೆ ಅಂತ.